ಕೊಟ್ಟವರು, ಕೈಬಿಟ್ಟವರು: ಇಂಗ್ಲೆಂಡಿನ ಕೆಥೀಡ್ರಲ್ ಗ್ರಂಥಾಲಯಗಳ ಹಳೆಯ ಪುಸ್ತಕಗಳು

ಹಳೆಯ ಪುಸ್ತಕವೊಂದು ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ನೋಡುತ್ತೇವೆ: ಬರೆದವರು ಯಾರು, ಅಚ್ಚಾದದ್ದು ಯಾವಾಗ. ಅದು ಯಾರ ಯಾರ ಮನೆಯಲ್ಲಿತ್ತು, ಯಾರು ಕೊಂಡರು, ಯಾರು ಕೊಟ್ಟರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಇಂಗ್ಲೆಂಡಿನಲ್ಲಿ ಮಾತ್ರ ಈ ಮೂರನೆಯ ಪ್ರಶ್ನೆಯೇ ಎಂಬತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಒಂದು ಶಿಸ್ತಿನ ವ್ಯಾಸಂಗವಾಗಿ ಬೆಳೆದುಬಂದಿದೆ. ಅಲ್ಲಿಯ ಕೆಥೀಡ್ರಲ್‌ಗಳು, ಎಂದರೆ ಬಿಷಪ್ಪರ ಪೀಠವಿರುವ ಮಹಾ ಇಗರ್ಜಿಗಳು, ಸಾವಿರ ವರ್ಷಗಳಿಂದ ಪುಸ್ತಕಗಳನ್ನು ಪಡೆದಿವೆ, ಕಾಪಾಡಿವೆ, ಕಳೆದುಕೊಂಡಿವೆ, ಮಾರಿಯೂ ಇವೆ. ಆ ಪುಸ್ತಕಗಳ ಹಿಂದಿನ ಒಡೆಯರನ್ನೂ ದಾನಿಗಳನ್ನೂ ಹುಡುಕುವ ಕೆಲಸ ಎಷ್ಟು ಸಾಧಿಸಿದೆ, ಎಲ್ಲಿ ಸಾಲದಾಗಿದೆ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಪುಸ್ತಕದ ಮೇಲಿನ ದಾನಿಯ ಹೆಸರು ಅವನಿಗೆ ಸಲ್ಲಿಸಿದ ಗೌರವ ಮಾತ್ರವಲ್ಲ, ಅದೊಂದು ಸಾಕ್ಷ್ಯ; ಸಾಕ್ಷ್ಯವಾದ ಮೇಲೆ ಅದನ್ನು ಉಳಿದ ಸಾಕ್ಷ್ಯಗಳಂತೆಯೇ ಪರೀಕ್ಷಿಸಬೇಕು ಎಂಬುದು ನಮ್ಮ ವಾದ.

ಮೊದಲು ಕೆಲಸದ ರೀತಿಯನ್ನು ತಿಳಿಯೋಣ. ಹುಡುಕುವವನು ಮೊದಲು ನೋಡುವುದು ಹೊರಹಾಳೆಗಳನ್ನು ಮತ್ತು ಶೀರ್ಷಿಕೆಯ ಪುಟವನ್ನು. ಅಲ್ಲಿ ಒಡೆಯನ ಸಹಿ, ಕೊಂಡ ಬೆಲೆ, ಇಸವಿ, ಅವನ ಮೆಚ್ಚಿನ ಸೂಕ್ತಿ ಇರಬಹುದು. ರಟ್ಟಿನ ಒಳಬದಿಗೆ ಅಂಟಿಸಿದ ಬುಕ್‌ಪ್ಲೇಟ್ ಇರಬಹುದು. ಚರ್ಮದ ಹೊದಿಕೆಯ ಮೇಲೆ ಚಿನ್ನದಲ್ಲಿ ಒತ್ತಿದ ಮನೆತನದ ಲಾಂಛನ ಇರಬಹುದು. ರಟ್ಟಿನ ಅಂಚಿನಲ್ಲಿ ತುಕ್ಕಿನ ಕಲೆಯೂ ತೂತೂ ಇದ್ದರೆ, ಆ ಪುಸ್ತಕವನ್ನು ಒಂದು ಕಾಲದಲ್ಲಿ ಸರಪಳಿಯಿಂದ ಬಿಗಿದಿದ್ದರೆಂದು ತಿಳಿಯುತ್ತದೆ. ಹೆರಿಫರ್ಡ್ ಕೆಥೀಡ್ರಲ್‌ನಲ್ಲಿ ಇಂದಿಗೂ ಹಾಗೆ ಸರಪಳಿ ತೊಟ್ಟ ಪುಸ್ತಕಗಳಿವೆ. ಕೆರೆದು ಅಳಿಸಿದ ಹೆಸರು ನೇರಳಾತೀತ ಬೆಳಕಿನಲ್ಲಿ ಮತ್ತೆ ಕಾಣಿಸಿಕೊಳ್ಳುವುದೂ ಉಂಟು. ಇವೆಲ್ಲವನ್ನೂ ಹಳೆಯ ದಾನಪಟ್ಟಿ, ಉಯಿಲು, ಹರಾಜಿನ ಕ್ಯಾಟಲಾಗುಗಳೊಡನೆ ಹೋಲಿಸಿ ನೋಡಿದಾಗ ಪುಸ್ತಕದ ಪಯಣದ ದಾರಿ ಸ್ವಲ್ಪ ಸ್ವಲ್ಪವಾಗಿ ಗೋಚರವಾಗುತ್ತದೆ.

ಈ ವ್ಯಾಸಂಗಕ್ಕೆ ಬುನಾದಿ ಹಾಕಿದವರಲ್ಲಿ ನೀಲ್ ಕೆರ್ ಅವರ ಹೆಸರು ಮೊದಲು ಬರುತ್ತದೆ. ಬ್ರಿಟನ್ನಿನ ಮಧ್ಯಯುಗದ ಗ್ರಂಥಾಲಯಗಳನ್ನು ಕುರಿತ ಅವರ ಗ್ರಂಥ 1941ರಲ್ಲಿ ಹೊರಬಂದಿತು. ಹಿಗ್ಗಿಸಿದ ಎರಡನೆಯ ಮುದ್ರಣ 1964ರಲ್ಲಿ. ಆಂಡ್ರೂ ವಾಟ್ಸನ್ ಸಿದ್ಧಪಡಿಸಿದ ಪುರವಣಿ 1987ರಲ್ಲಿ. ಮೇಲುನೋಟಕ್ಕೆ ಇದು ಒಣ ಪಟ್ಟಿ: ಇಂಥ ಮಠದ, ಇಂಥ ಕೆಥೀಡ್ರಲ್‌ನ ಪುಸ್ತಕ ಈಗ ಇಂಥ ಕಡೆ ಇದೆ ಎಂಬ ಸಾಲುಗಳು. ಆದರೆ ಪುಸ್ತಕ ಇಂಥ ಕಡೆಯದೆಂದು ಯಾವ ಆಧಾರದ ಮೇಲೆ ಹೇಳುತ್ತಿದ್ದಾರೆಂಬುದನ್ನು ಕೆರ್ ಒಂದೊಂದು ಸಣ್ಣ ಅಕ್ಷರದಿಂದ ಸೂಚಿಸಿದರು. ಒಡೆತನದ ಬರಹವಿದ್ದರೆ ಒಂದು ಅಕ್ಷರ, ಒಳಗಿನ ವಿಷಯದಿಂದ ಊಹಿಸಿದ್ದರೆ ಬೇರೊಂದು. ಸಂಶಯವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ. ವಿದ್ವಾಂಸರು ತಮ್ಮ ತೀರ್ಮಾನವನ್ನು ಘೋಷಿಸುವುದು ಸಾಮಾನ್ಯ. ತೀರ್ಮಾನದ ಬಲವೆಷ್ಟು, ದೌರ್ಬಲ್ಯವೆಷ್ಟು ಎಂಬುದನ್ನು ಪ್ರತಿ ಸಾಲಿನಲ್ಲೂ ಓದುಗನ ಮುಂದಿಡುವುದು ಅಪೂರ್ವ. ಎರಡನೆಯ ಮುದ್ರಣದಲ್ಲಿ ದಾನಿಗಳ ಜೊತೆಗೆ ಲಿಪಿಕಾರರ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದು ಇನ್ನೊಂದು ಹಿರಿಮೆ. ಹಣ ಕೊಟ್ಟವನೂ ಕಣ್ಣು ಸವೆಸಿ ಬರೆದವನೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ.

ಈಗ ಎಕ್ಸೆಟರ್ ಕೆಥೀಡ್ರಲ್‌ಗೆ ಬರೋಣ. 1050ರಲ್ಲಿ ಬಿಷಪ್ ಲಿಯೋಫ್ರಿಕ್ ತನ್ನ ಪೀಠವನ್ನು ಕ್ರೆಡಿಟನ್‌ನಿಂದ ಅಲ್ಲಿಗೆ ವರ್ಗಾಯಿಸಿದ. 1072ರಲ್ಲಿ ಅವನು ತೀರಿಕೊಂಡ. ಅವನು ಇಗರ್ಜಿಗೆ ಕೊಟ್ಟ ಭೂಮಿ, ಪಾತ್ರೆ, ವಸ್ತ್ರ, ಪುಸ್ತಕಗಳ ಪಟ್ಟಿ ಹಳೆಯ ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿದೆ. ಅದರಲ್ಲಿ ನಾನಾ ವಿಷಯಗಳ ಮೇಲೆ ಪದ್ಯದಲ್ಲಿ ರಚಿತವಾದ ಒಂದು ದೊಡ್ಡ ಇಂಗ್ಲಿಷ್ ಪುಸ್ತಕದ ಉಲ್ಲೇಖವಿದೆ. ಅದೇ ಇಂದು ಎಕ್ಸೆಟರ್ ಪುಸ್ತಕವೆಂದು ಪ್ರಸಿದ್ಧವಾದ, ಹಳೆಯ ಇಂಗ್ಲಿಷ್ ಕಾವ್ಯದ ಅಮೂಲ್ಯ ಹಸ್ತಪ್ರತಿ. 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿನ ಆ ಒಂದು ಸಾಲು ಇರದಿದ್ದರೆ ಈ ಹಸ್ತಪ್ರತಿಯ ಪೂರ್ವಚರಿತ್ರೆಯನ್ನು ಹೇಳಲು ನಮಗೆ ಹಿಡಿತವೇ ಸಿಗುತ್ತಿರಲಿಲ್ಲ.

ಆದರೆ ಅದೇ ಪಟ್ಟಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಲಿಯೋಫ್ರಿಕ್ ಬಂದಾಗ ಅಲ್ಲಿ ಬೆರಳೆಣಿಕೆಯ ಪೂಜಾಪುಸ್ತಕಗಳು ಮಾತ್ರ ಇದ್ದವು, ಅವುಗಳಲ್ಲಿಯೂ ಕೆಲವು ಜೀರ್ಣವಾಗಿದ್ದವು ಎಂದು ಅದು ಹೇಳುತ್ತದೆ. ದಾನಿ ದೊಡ್ಡವನಾಗಿ ಕಾಣಬೇಕಾದರೆ ಅವನಿಗಿಂತ ಮೊದಲು ಬಡತನವಿದ್ದುದನ್ನು ಹೇಳಲೇಬೇಕು. ದಾನಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ. 1993ರಲ್ಲಿ ಪ್ಯಾಟ್ರಿಕ್ ಕಾನರ್ ಎಂಬ ವಿದ್ವಾಂಸರು, ಲಿಯೋಫ್ರಿಕ್‌ಗಿಂತ ಮೊದಲೇ ಎಕ್ಸೆಟರಿನಲ್ಲಿ ವಿದ್ಯೆಯ ಪರಂಪರೆ ಇತ್ತೆಂದೂ ಆ ಕಾವ್ಯದ ಹಸ್ತಪ್ರತಿ ಅಲ್ಲಿಯೇ ಬರೆಯಲ್ಪಟ್ಟಿತೆಂದೂ ವಾದಿಸಿದರು. 1996ರಲ್ಲಿ ರಿಚರ್ಡ್ ಗೇಮ್‌ಸನ್ ಅದನ್ನು ವಿರೋಧಿಸಿದರು. ಈ ಚರ್ಚೆಯಲ್ಲಿ ಗೆದ್ದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ದಾನಿಯ ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ಮುಗಿಯಿತೆಂದು ತಿಳಿಯದೆ, ಅವನಿಗೆ ಅದು ಎಲ್ಲಿಂದ ಬಂತು ಎಂದು ಮತ್ತೆ ಕೇಳಿದರಲ್ಲ, ಅದು ಮುಖ್ಯ.

ಲಿಯೋಫ್ರಿಕ್‌ನ ಪುಸ್ತಕಗಳಲ್ಲಿ ದಾನದ ಬರಹದ ಜೊತೆಗೆ, ಇದನ್ನು ಕದ್ದೊಯ್ದವನಿಗೆ ಶಾಪ ತಟ್ಟಲಿ ಎಂಬ ಮಾತೂ ಇರುತ್ತಿತ್ತು. ನಮ್ಮ ಶಿಲಾಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಬಲ್ಲ ಓದುಗರಿಗೆ ಇದು ತೀರ ಪರಿಚಿತವೆನಿಸೀತು. ಆದರೆ ಶಾಪ ಎಷ್ಟರಮಟ್ಟಿಗೆ ಕಾಪಾಡಿತು? 1602ರಲ್ಲಿ ಎಕ್ಸೆಟರಿನ ಡೀನ್ ಮತ್ತು ಅವರ ಪಾದ್ರಿಮಂಡಳಿಯೇ 81 ಹಸ್ತಪ್ರತಿಗಳನ್ನು ಆಕ್ಸ್‌ಫರ್ಡಿನಲ್ಲಿ ಥಾಮಸ್ ಬಾಡ್ಲಿ ಹೊಸದಾಗಿ ಕಟ್ಟುತ್ತಿದ್ದ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಿತು. ಬಾಡ್ಲಿ ಎಕ್ಸೆಟರಿನವನು, ಅವನ ತಮ್ಮ ಲಾರೆನ್ಸ್ ಅದೇ ಕೆಥೀಡ್ರಲ್‌ನಲ್ಲಿ ಪಾದ್ರಿಯಾಗಿದ್ದ. ಲಿಯೋಫ್ರಿಕ್ ಕೊಟ್ಟ ಪುಸ್ತಕಗಳಲ್ಲಿ ಹಲವು ಹೀಗೆ ಎಕ್ಸೆಟರ್ ಬಿಟ್ಟವು. ಒಬ್ಬನ ದಾನ ಇನ್ನೊಬ್ಬರ ದಾನವಾಗಿ ಮುಂದೆ ಸಾಗಿತು. ಕಾವ್ಯದ ಆ ದೊಡ್ಡ ಪುಸ್ತಕ ಮಾತ್ರ ಎಕ್ಸೆಟರಿನಲ್ಲಿ ಉಳಿಯಿತು, ಉಳಿದದ್ದಾದರೂ ಹೇಗೆ? ಅದರ ಹಾಳೆಗಳ ಮೇಲೆ ಚಾಕುವಿನ ಗೀರುಗಳಿವೆ, ಪಾತ್ರೆ ಇಟ್ಟ ದುಂಡು ಕಲೆಯಿದೆ, ಕೊನೆಯ ಹಾಳೆಗಳಲ್ಲಿ ಬೆಂಕಿ ಸುಟ್ಟ ತೂತುಗಳಿವೆ. ದಾನಿಯ ಹೆಸರಿನಷ್ಟೇ ಈ ಗಾಯಗಳೂ ಪುಸ್ತಕದ ಚರಿತ್ರೆಯನ್ನು ಹೇಳುತ್ತವೆ. ಆಕ್ಸ್‌ಫರ್ಡಿಗೆ ಹೋದದ್ದರಿಂದಲೇ ಉಳಿದ ಪುಸ್ತಕಗಳು ಕ್ಷೇಮವಾದವೆಂದು ವಾದಿಸುವವರಿಗೂ ಇಲ್ಲಿ ಆಧಾರವಿದೆ.

ಎರಡನೆಯ ನಿದರ್ಶನ ಲಿಚ್‌ಫೀಲ್ಡ್ ಕೆಥೀಡ್ರಲ್‌ನದು. ಅಲ್ಲಿ ಸಂತ ಚಾಡ್‌ನ ಹೆಸರಿನಲ್ಲಿ ಕರೆಯಲಾಗುವ, 8ನೆಯ ಶತಮಾನದ ಒಂದು ಸುವಾರ್ತೆಯ ಹಸ್ತಪ್ರತಿ ಇದೆ. ಗೆಲ್ಹಿ ಎಂಬವನು ತನ್ನ ಅತ್ಯುತ್ತಮ ಕುದುರೆಯನ್ನು ಕಿಂಗಲ್ ಎಂಬವನಿಗೆ ಕೊಟ್ಟು ಈ ಪುಸ್ತಕವನ್ನು ಪಡೆದು, ಸಂತ ಟೈಲೊನ ಪೀಠಕ್ಕೆ ಅರ್ಪಿಸಿದನೆಂದು ಅದರಲ್ಲಿ ಲ್ಯಾಟಿನ್ ಬರಹವೊಂದಿದೆ. ಅದರ ಅಂಚಿನಲ್ಲಿ ಹಳೆಯ ವೆಲ್ಷ್ ಭಾಷೆಯ ಬರಹವೂ ಇರುವುದರಿಂದ ವೇಲ್ಸಿನವರಿಗೆ ಅದು ತಮ್ಮ ನುಡಿಯ ಅತಿ ಪ್ರಾಚೀನ ಸಾಕ್ಷ್ಯಗಳಲ್ಲಿ ಒಂದು. ಮೊದಲನೆಯ ಪುಟದಲ್ಲಿ ವಿನ್‌ಸಿಜ್ ಎಂಬ ಬಿಷಪ್ಪನ ಹೆಸರಿದೆ. ಅವನು 10ನೆಯ ಶತಮಾನದಲ್ಲಿ ಲಿಚ್‌ಫೀಲ್ಡಿನ ಬಿಷಪ್ ಆಗಿದ್ದವನು. ಆ ವೇಳೆಗೆ ಪುಸ್ತಕ ವೇಲ್ಸಿನಿಂದ ಲಿಚ್‌ಫೀಲ್ಡಿಗೆ ಬಂದಿತ್ತೆಂದು ಇದರಿಂದ ತಿಳಿಯುತ್ತದೆ. ಎರಡು ಹೆಸರುಗಳ ನಡುವೆ ನಡೆದದ್ದೇನು, ಕೊಟ್ಟರೋ ಕಿತ್ತುಕೊಂಡರೋ, ಎಂಬುದಕ್ಕೆ ಬರಹವಿಲ್ಲ.

ಇಲ್ಲಿ ವಿದ್ವಾಂಸರು ಮಾಡಿದ ಒಂದು ಎಡವಟ್ಟನ್ನು ಹೇಳಲೇಬೇಕು. ಲ್ಯಾಂಡಾಫ್ ಕೆಥೀಡ್ರಲ್ ಕೂಡ ಸಂತ ಟೈಲೊನಿಗೆ ಮುಡಿಪಾದದ್ದು. ಆದ್ದರಿಂದ ಬಹಳ ಕಾಲ, ಗೆಲ್ಹಿ ಪುಸ್ತಕ ಅರ್ಪಿಸಿದ್ದು ಲ್ಯಾಂಡಾಫಿನಲ್ಲೇ ಎಂದು ಜನ ನಂಬಿದ್ದರು. ಆಮೇಲೆ, ಅಂಚಿನ ಬರಹಗಳಲ್ಲಿ ಬರುವ ಜಮೀನುಗಳು ಎಲ್ಲಿವೆಯೆಂದು ಹುಡುಕಿ ನೋಡಿದಾಗ ಅವು ಲ್ಯಾಂಡೈಲೊ ಎಂಬ ಊರಿನ ಸುತ್ತಮುತ್ತಲಿನವೆಂದು ತಿಳಿಯಿತು. ಈಗ ಅರ್ಪಣೆಯ ಸ್ಥಳ ಲ್ಯಾಂಡೈಲೊ ಎಂಬುದೇ ಒಪ್ಪಿತವಾದ ಅಭಿಪ್ರಾಯ. ದೊಡ್ಡ ಪೀಠವೊಂದರ ಹೆಸರು ಕಣ್ಣಿಗೆ ಬಿದ್ದೊಡನೆ ಸಣ್ಣ ಊರು ಮರೆಯಾಗುತ್ತದೆ. ಒಡೆತನದ ಹುಡುಕಾಟದಲ್ಲಿ ಸದಾ ಕಾಡುವ ದೋಷ ಇದೇ: ಗೊತ್ತಿರುವ ದೊಡ್ಡ ಹೆಸರಿಗೆ ಗೊತ್ತಿಲ್ಲದ ಸಂಗತಿಯನ್ನು ಅಂಟಿಸುವುದು.

ಮೂರನೆಯದು ಯಾರ್ಕ್ ಕೆಥೀಡ್ರಲ್. ಆರ್ಚ್‌ಬಿಷಪ್ ಟೋಬಿ ಮ್ಯಾಥ್ಯೂ 1628ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಪುಸ್ತಕಗಳು 3000ಕ್ಕೂ ಹೆಚ್ಚು. ಆತ ತನ್ನ ಹೆಸರನ್ನೂ ಒಂದು ಲ್ಯಾಟಿನ್ ಸೂಕ್ತಿಯನ್ನೂ ಶೀರ್ಷಿಕೆಯ ಪುಟದಲ್ಲಿ ಬರೆಯುತ್ತಿದ್ದುದರಿಂದ ಅವನ ಪುಸ್ತಕಗಳನ್ನು ಗುರುತಿಸುವುದು ಸುಲಭ. ಈ ಸಂಗ್ರಹ ಇಂದಿಗೂ ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಆದರೆ ಅದನ್ನು ಯಾರ್ಕ್ ಕೆಥೀಡ್ರಲ್‌ಗೆ ಕೊಟ್ಟವಳು ಅವನಲ್ಲ, ಅವನ ವಿಧವೆ ಫ್ರಾನ್ಸಿಸ್. ಅವಳ ತಂದೆ ಬಿಷಪ್. ಮೊದಲ ಗಂಡ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪಾರ್ಕರ್‌ನ ಮಗ. ನಾಲ್ವರು ಸೋದರಿಯರು ಬಿಷಪ್ಪರನ್ನು ಮದುವೆಯಾದವರು. ಯಾರ್ಕಿನಲ್ಲಿರುವ ಅವಳ ಸ್ಮಾರಕದಲ್ಲಿ ಈ ಸಂಬಂಧಗಳನ್ನೆಲ್ಲ ಎಣಿಸಿ ಹೇಳಿದೆ. ಜೊತೆಗೆ ಪುಸ್ತಕದಾನದ ಮಾತನ್ನೂ ಹೇಳಿದೆ. ಕಲ್ಲಿನ ಮೇಲಿರುವ ಈ ಮಾತು ಪುಸ್ತಕಗಳ ಮೇಲೆ ಇಲ್ಲ. ಪುಸ್ತಕವನ್ನು ಮಾತ್ರ ತೆರೆದು ನೋಡಿದವನಿಗೆ ಗಂಡನ ಸಹಿ ಸಿಗುತ್ತದೆ, ಹೆಂಡತಿ ಸಿಗುವುದಿಲ್ಲ. ಅಷ್ಟು ದೊಡ್ಡ ಸಂಗ್ರಹವನ್ನು ಹರಾಜು ಹಾಕದೆ, ಹಂಚಿಹೋಗಲು ಬಿಡದೆ, ಇಡಿಯಾಗಿ ಒಪ್ಪಿಸಿದವಳು ಅವಳು. ಲಿಚ್‌ಫೀಲ್ಡಿನಲ್ಲೂ ಹಾಗೆಯೇ: 1640ರ ದಶಕದ ಅಂತರ್ಯುದ್ಧದಲ್ಲಿ ಹಾಳಾದ ಅಲ್ಲಿನ ಗ್ರಂಥಾಲಯಕ್ಕೆ 1670ರ ದಶಕದಲ್ಲಿ ಗಂಡನ ಸುಮಾರು ಸಾವಿರ ಪುಸ್ತಕಗಳನ್ನು ಕೊಟ್ಟು ಮರುಜೀವ ತಂದವಳು ಸಾಮರ್ಸೆಟ್ಟಿನ ಡಚೆಸ್ ಫ್ರಾನ್ಸಿಸ್.

ಕೊಟ್ಟವರ ಕಥೆಯ ಪಕ್ಕದಲ್ಲೇ ಕೈಬಿಟ್ಟವರ ಕಥೆಯೂ ಇರಬೇಕು. ಲಿಂಕನ್ ಕೆಥೀಡ್ರಲ್‌ನ ಡೀನ್ ಮೈಕೇಲ್ ಹನಿವುಡ್ ಅಂತರ್ಯುದ್ಧದ ಕಾಲದಲ್ಲಿ ಹಾಲೆಂಡಿಗೆ ವಲಸೆ ಹೋಗಿದ್ದವನು. ದೇಶಾಂತರದ ಬದುಕಿನಲ್ಲೂ ಪುಸ್ತಕಗಳನ್ನು ಕೊಳ್ಳುತ್ತಲೇ ಇದ್ದ. ಮರಳಿ ಬಂದು ಡೀನ್ ಆದ ಮೇಲೆ, 1674ರ ಸುಮಾರಿಗೆ, ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್‌ನ ವಿನ್ಯಾಸದ ಗ್ರಂಥಾಲಯವನ್ನು ಸ್ವಂತ ಖರ್ಚಿನಿಂದ ಕಟ್ಟಿಸಿ, ತನ್ನ ಪುಸ್ತಕಗಳನ್ನು ಅದಕ್ಕೆ ಬಿಟ್ಟುಹೋದ. ಆದರೆ 19ನೆಯ ಶತಮಾನದ ಆದಿಯಲ್ಲಿ ಅದೇ ಕೆಥೀಡ್ರಲ್‌ನ ಅಧಿಕಾರಿಗಳು, ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್‌ನ ಮುದ್ರಣಗಳೂ ಸೇರಿದಂತೆ ಅಪೂರ್ವ ಪುಸ್ತಕಗಳನ್ನು ಥಾಮಸ್ ಡಿಬ್ಡಿನ್ ಎಂಬ ಪಾದ್ರಿ ಮಹಾಶಯನಿಗೆ ಮಾರಿದರು. ಅವುಗಳಲ್ಲಿ ಕೆಲವು ಅರ್ಲ್ ಸ್ಪೆನ್ಸರ್‌ನ ಸಂಗ್ರಹ ಸೇರಿದವು. 1892ರಲ್ಲಿ ಶ್ರೀಮತಿ ರೈಲಂಡ್ಸ್ ಆ ಸಂಗ್ರಹವನ್ನೇ ಕೊಂಡು ಮ್ಯಾಂಚೆಸ್ಟರಿಗೆ ತಂದರು. ಮಾರಾಟವೂ ಒಡೆತನದ ಚರಿತ್ರೆಯ ಒಂದು ಅಧ್ಯಾಯ. ಕೊಡುಗೆಯನ್ನು ಫಲಕದಲ್ಲಿ ಕೆತ್ತಿಸುವ ಸಂಸ್ಥೆಗಳು ಮಾರಾಟವನ್ನು ಮಾತ್ರ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಬಚ್ಚಿಡುತ್ತವೆ.

ಒಮ್ಮೆ ಕೈಬಿಟ್ಟದ್ದನ್ನು ಮರಳಿ ತರುವ ಬೆಲೆಯೂ ಚಿಕ್ಕದಲ್ಲ. 1540ರಲ್ಲಿ ಕ್ಯಾಂಟರ್‌ಬರಿಯ ಮಠವನ್ನು ಮುಚ್ಚಿಸಿದಾಗ ಅಲ್ಲಿನ ಪುಸ್ತಕಗಳು ಚದುರಿಹೋದವು. ಅವುಗಳಲ್ಲಿ ಒಂದು, 13ನೆಯ ಶತಮಾನದ ಪುಟ್ಟ ಬೈಬಲ್, 2018ರಲ್ಲಿ ಲಂಡನ್ನಿನ ಹರಾಜಿಗೆ ಬಂತು. ಕ್ಯಾಂಟರ್‌ಬರಿ ಕೆಥೀಡ್ರಲ್ ಒಂದು ಲಕ್ಷ ಪೌಂಡು ಕೊಟ್ಟು ಅದನ್ನು ಮರಳಿ ಪಡೆಯಿತು. ಅದು ಕ್ಯಾಂಟರ್‌ಬರಿಯ ಪುಸ್ತಕವೆಂದು ತಿಳಿದದ್ದು ಹೇಗೆ? 16ನೆಯ ಶತಮಾನದಲ್ಲಿ ಅದನ್ನು ಇಟ್ಟುಕೊಂಡಿದ್ದ ವಿಲಿಯಂ ಲೈಫೀಲ್ಡ್ ಎಂಬ ಸಂನ್ಯಾಸಿಯಿಂದ. ಬಿಷಪ್ಪನಲ್ಲ, ಡ್ಯೂಕ್ ಅಲ್ಲ, ಮಠದ ಒಬ್ಬ ಸಾಮಾನ್ಯ ನಿವಾಸಿ. ಇಂದು ಆ ಬೈಬಲ್ಲಿಗೆ ಅವನ ಹೆಸರೇ ಇದೆ.

ಈ ನಿದರ್ಶನಗಳ ಬೆಳಕಿನಲ್ಲಿ ಈ ವ್ಯಾಸಂಗದ ಗ್ರಂಥಗಳನ್ನು ಬೆಲೆಕಟ್ಟಬಹುದು. ಮಾರ್ಗರೆಟ್ ಮ್ಯಾಕ್ಲೌಡ್ ಮೊದಲು ಸಿದ್ಧಪಡಿಸಿ, ಕೇರನ್ ಜೇಮ್ಸ್ ಮತ್ತು ಡೇವಿಡ್ ಶಾ ಪೂರ್ಣಗೊಳಿಸಿದ ಕೆಥೀಡ್ರಲ್ ಗ್ರಂಥಾಲಯಗಳ ಕ್ಯಾಟಲಾಗು 1984 ಮತ್ತು 1998ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. 1701ಕ್ಕೆ ಮೊದಲು ಮುದ್ರಿತವಾದ ಯಾವ ಪುಸ್ತಕ ಇಂಗ್ಲೆಂಡ್ ಮತ್ತು ವೇಲ್ಸಿನ ಯಾವ ಆಂಗ್ಲಿಕನ್ ಕೆಥೀಡ್ರಲ್‌ನಲ್ಲಿದೆ ಎಂದು ಅದು ತೋರಿಸುತ್ತದೆ. ಬೀಗ ಹಾಕಿದ ಕೋಣೆಗಳಲ್ಲಿ ಧೂಳು ಹಿಡಿದಿದ್ದ ಪುಸ್ತಕಗಳಿಗೆ ಅದು ವಿಳಾಸ ಕೊಟ್ಟಿತು; ಇದು ಸಣ್ಣ ಉಪಕಾರವಲ್ಲ. ಆದರೆ ಅದು ವಿಳಾಸ ಮಾತ್ರ. ಪುಸ್ತಕ ಆ ಮನೆಗೆ ಬಂದ ದಾರಿಯನ್ನು ತಿಳಿಯಬೇಕಾದವನು ಬೇರೆ ಕಡೆ ಹೋಗಬೇಕು.

ಆ ಬೇರೆ ಕಡೆಯೇ ಡೇವಿಡ್ ಪಿಯರ್ಸನ್ ಅವರ ಕೈಪಿಡಿ. ಪುಸ್ತಕಗಳ ಒಡೆತನವನ್ನು ಹುಡುಕುವ ವಿಧಾನಗಳನ್ನು ತಿಳಿಸುವ ಈ ಗ್ರಂಥ 1994ರಲ್ಲಿ ಪ್ರಕಟವಾಯಿತು. ಪರಿಷ್ಕೃತ ಆವೃತ್ತಿ 2019ರಲ್ಲಿ ಬಂತು. ಸಹಿ, ಸೂಕ್ತಿ, ಬುಕ್‌ಪ್ಲೇಟ್, ಲಾಂಛನ, ಹರಾಜಿನ ಪಟ್ಟಿ, ಹೀಗೆ ಒಂದೊಂದು ಬಗೆಯ ಸಾಕ್ಷ್ಯವನ್ನೂ ಹೇಗೆ ಓದಬೇಕೆಂದು ಪಿಯರ್ಸನ್ ಕಲಿಸುತ್ತಾರೆ. ಪ್ರಸಿದ್ಧರ ಪುಸ್ತಕಗಳಂತೆಯೇ ಸಾಮಾನ್ಯರ ಪುಸ್ತಕಗಳೂ ಗಣನೀಯ ಎಂಬ ಅವರ ನಿಲುವು ಸ್ವಾಗತಾರ್ಹ. ಆದರೂ ಈ ಉಪಕರಣಗಳಿಗೇ ಒಂದು ಮಿತಿಯಿದೆ ಎಂದು ನಮಗೆ ತೋರುತ್ತದೆ. ಲಾಂಛನವಿರಲು ಕುಲೀನ ಮನೆತನ ಬೇಕು. ಬುಕ್‌ಪ್ಲೇಟ್ ಕೆತ್ತಿಸಲು ಹಣ ಬೇಕು. ಹರಾಜಿನ ಕ್ಯಾಟಲಾಗು ಮುದ್ರಿತವಾಗಲು ಸತ್ತವನಿಗೆ ದೊಡ್ಡ ಸಂಗ್ರಹವಿರಬೇಕು. ಮದುವೆಯಾದ ಹೆಣ್ಣಿನ ಆಸ್ತಿಯೆಲ್ಲ ಗಂಡನದಾಗುತ್ತಿದ್ದ ಕಾಲದಲ್ಲಿ ಅವಳು ಪುಸ್ತಕದ ಮೇಲೆ ಹೆಸರು ಬರೆಯುವುದೇ ಅಪರೂಪ. ಆದುದರಿಂದ ಗುರುತು ಇಲ್ಲದ ಪುಸ್ತಕಕ್ಕೆ ಒಡೆಯರೇ ಇರಲಿಲ್ಲವೆಂದು ಭಾವಿಸುವ ಹಾಗಿಲ್ಲ. ಫ್ರಾನ್ಸಿಸ್ ಮ್ಯಾಥ್ಯೂ ಅದಕ್ಕೆ ಸಾಕ್ಷಿ. ಪುಸ್ತಕವನ್ನೂ ಉಯಿಲನ್ನೂ ಸಮಾಧಿಯ ಕಲ್ಲನ್ನೂ ಒಟ್ಟಿಗೆ ಓದಿದರೆ ಮಾತ್ರ ಹೊರಹಾಳೆ ಹೇಳದೆ ಬಿಟ್ಟದ್ದು ತುಂಬಿಬರುತ್ತದೆ.

ಇನ್ನೊಂದು ಹಾನಿಯನ್ನು ಮಾಡಿದವರು ಕಳ್ಳರಲ್ಲ, ಸದ್ಭಾವನೆಯ ದುರಸ್ತಿಗಾರರು. 18 ಮತ್ತು 19ನೆಯ ಶತಮಾನಗಳಲ್ಲಿ ಅಚ್ಚುಕಟ್ಟು ಮಾಡುವ ಉತ್ಸಾಹದಿಂದ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿದಾಗ, ಹಳೆಯ ರಟ್ಟಿನ ಜೊತೆಗೆ ಹೊರಹಾಳೆಗಳೂ ಕಸಕ್ಕೆ ಹೋದವು. ಸಹಿಗಳು, ಬೆಲೆಗಳು, ಸರಪಳಿಯ ಗುರುತುಗಳು ಎಲ್ಲವೂ ಹೋದವು. ಪಠ್ಯ ಉಳಿಯಿತು, ಅದನ್ನು ಹಿಡಿದ ಕೈಗಳು ಅಳಿಸಿಹೋದವು.

ಇದೆಲ್ಲ ದೂರದೇಶದ ಕಥೆಯೆಂದು ನಮ್ಮ ಓದುಗರು ಭಾವಿಸಬೇಕಾಗಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರನ್ನು ಕನ್ನಡಿಗರು ಸಾವಿರ ವರ್ಷಗಳಿಂದ ನೆನೆಯುತ್ತಿದ್ದೇವೆ. ಆ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆದ ಕೈಗಳ ಹೆಸರು ನಮ್ಮ ನೆನಪಿನಲ್ಲಿಲ್ಲ. ಇಂದಿನ ಮಾತಿಗೆ ಬಂದರೆ, ಹೊರನಾಡಿನ ಕನ್ನಡ ಸಂಘಗಳ ಪುಸ್ತಕ ಭಂಡಾರಗಳು ಬೆಳೆದದ್ದೇ ದಾನದಿಂದ. ಊರಿನಿಂದ ಟ್ರಂಕಿನಲ್ಲಿ ಬಂದ ಪುಸ್ತಕಗಳು, ಹಿರಿಯರು ತೀರಿಕೊಂಡ ಮೇಲೆ, ಕನ್ನಡ ಓದಲು ಬಾರದ ಮಕ್ಕಳ ಮನೆಯಿಂದ ಸಂಘದ ಕಪಾಟಿಗೆ ಬರುತ್ತವೆ. ಅವುಗಳ ಮೊದಲ ಹಾಳೆಯಲ್ಲಿ ಏನೇನಿರುತ್ತದೆ! ಶಾಲೆಯ ಬಹುಮಾನದ ಬರಹ, ಮದುವೆಯ ಉಡುಗೊರೆಯೆಂಬ ಒಕ್ಕಣೆ, ಧಾರವಾಡದ ಅಥವಾ ಮಂಗಳೂರಿನ ಪುಸ್ತಕದಂಗಡಿಯ ಮುದ್ರೆ, ಒಬ್ಬ ಗೃಹಿಣಿಯ ಹೆಸರು ಮತ್ತು ಇಸವಿ. ಯಾವ ಜಿಲ್ಲೆಯ ಜನ ಯಾವ ಕಾಲದಲ್ಲಿ ಈ ನಗರಗಳಿಗೆ ಬಂದರು, ಬರುವಾಗ ಏನನ್ನು ಓದುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಎಲ್ಲಿದೆ? ಆದರೆ ರಟ್ಟು ಹಾಕಿಸುವಾಗ ಆ ಹಾಳೆ ಹೋಗುತ್ತದೆ. ದಾಖಲಾತಿಯಲ್ಲಿ ದೇಣಿಗೆ ಎಂಬ ಒಂದೇ ಪದ ಉಳಿಯುತ್ತದೆ.

ಇದನ್ನು ತಡೆಯಲು ವಿದ್ವತ್ತೂ ಬೇಡ, ಹಣವೂ ಬೇಡ. ಪುಸ್ತಕ ಬಂದ ದಿನ ದಾಖಲೆಯ ಪುಸ್ತಕದಲ್ಲಿ ಮೂರು ಸಾಲು ಬರೆದರೆ ಸಾಕು: ಪುಸ್ತಕವನ್ನು ಇಟ್ಟುಕೊಂಡಿದ್ದವರು ಯಾರು, ಅವರ ಊರು ಯಾವುದು, ತಂದುಕೊಟ್ಟವರು ಯಾರು. ಇಟ್ಟುಕೊಂಡವರೂ ತಂದುಕೊಟ್ಟವರೂ ಬೇರೆಯಾಗಿದ್ದರೆ ಇಬ್ಬರ ಹೆಸರನ್ನೂ ಬರೆಯಬೇಕು. ಮೊದಲ ಹಾಳೆಯಲ್ಲಿ ಕಂಡದ್ದನ್ನು ಕಂಡಂತೆ ನಕಲು ಮಾಡಬೇಕು; ಕೇಳಿ ತಿಳಿದದ್ದಾದರೆ ಕೇಳಿದ್ದೆಂದು, ಊಹೆಯಾದರೆ ಊಹೆಯೆಂದು ಕೆರ್ ಅವರಂತೆ ಗುರುತಿಸಬೇಕು. ಜಾಗವಿಲ್ಲವೆಂದು ಪುಸ್ತಕವನ್ನು ಹೊರಗೆ ಕಳಿಸುವ ದಿನ ಬಂದರೆ, ಎಲ್ಲಿಗೆ ಹೋಯಿತೆಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು. ರಟ್ಟು ಹಾಕುವವನಿಗೆ ಪುಸ್ತಕ ಒಪ್ಪಿಸುವಾಗ, ಬರಹವಿರುವ ಹಾಳೆಯನ್ನು ಕೀಳಕೂಡದೆಂದು ಒಂದು ಮಾತು ಹೇಳಬೇಕು. ಎಕ್ಸೆಟರಿನಲ್ಲಿ ಶಾಪ ಮಾಡಲಾಗದ ಕೆಲಸವನ್ನು ಪಟ್ಟಿ ಮಾಡಿತು. ನಮ್ಮ ಕಪಾಟುಗಳಲ್ಲೂ ಆ ಕೆಲಸವನ್ನು ಒಂದು ಪಟ್ಟಿಯೇ ಮಾಡಬೇಕಾಗಿದೆ.